ಕಾಶ್ಮೀರದಿಂದ ಬಂದ ಮೋಳಿಗೆ ಮಾರಯ್ಯ



ಈ ಸಲ ಗೋಡೆ ಪತ್ರಿಕೆಗೆ ಒಬ್ಬ ಮಹಾಪುರುಷರ ಜೀವನ ಚರಿತ್ರೆ ಬರೆದುಕೊಂಡು ಬರ್ರಿ ಅಂತ ನಮ್ಮ ಸರ್ ಹೇಳಿದರು. ನಾನು ಮೋಳಿಗೆ ಮಾರಯ್ಯನವರ ಬಗ್ಗೆ ಬರೆದಿದ್ದೇನೆ. ಅವರೇ ಯಾಕೆ ಅಂದರೆ ಅದಕ್ಕೆ ಒಂದು ಕಾರಣ ಅದ.

ನಮ್ಮ ಕಾಕಾ ಬೆಂಗಳೂರಿನ ಹತ್ತಿರ ಜಪಾನಿನವರ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾರೆ. ದೀಪಾವಳಿಗೆ ಬಂದಾಗ ಒಂದು ನೋಟ್‌ಬುಕ್ ತಂದಿದ್ದರು. ಅದರಲ್ಲಿ ಜಪಾನಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ಮುಂಜಾನೆ ಕಂಡರೆ ಒಹಾಯೋ ಗೊಜಾಯಿಮಾಸ್, ಮಧ್ಯಾಹ್ನ ಕಂಡರೆ ಕೊನ್ನಿಚಿವಾ. ಮೊದಲ ಸಲ ಭೇಟಿಯಾದವರಿಗೆ ಹಾಜಿಮೆಮಾಶಿತೆ ಅನ್ನಬೇಕು. ಆಮೇಲೆ ತಮ್ಮ ಹೆಸರು ಹೇಳಿ ಕೊನೆಗೆ ದೆಸ್ ಅನ್ನಬೇಕು. ಅವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಕಡೆಗೆ ತಲೆ ಬಾಗಿಸಿ ಯೊರೊಶಿಕು ಒನೆಗಾಯಿಶಿಮಾಸ್ ಅಂತಾರ. ನನ್ನ ಮೇಲೆ ಪ್ರೀತಿ ಇರಲಿ ಅನ್ನುವ ಹಾಗೆ ಅದರ ಅರ್ಥ. ಕಾಕಾ ತಲೆ ಬಾಗಿಸಿ ಹೇಳಿ ತೋರಿಸುವಾಗ ನಾವೆಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುತ್ಯಾ ಮಾತ್ರ ನಗಲಿಲ್ಲ. ಮೋಳಿಗೆ ಮಾರಯ್ಯನೂ ಕಲ್ಯಾಣಕ್ಕೆ ಬಂದಾಗ ಹಿಂಗೇ ಒಂದೊಂದು ಮಾತು ಕಲಿತಿರಬೇಕು ಅಂತ ಹೇಳಿದರು. ಮುತ್ಯಾ ಹೇಳಿದ್ದು, ನಾನು ಪುಸ್ತಕದಲ್ಲಿ ಓದಿದ್ದು ಎರಡೂ ಕೂಡಿಸಿ ಬರೆದೀನಿ.

ಮಾರಯ್ಯನವರು 12ನೇ ಶತಮಾನದ ಶರಣರು. ಅವರು ಮೊದಲು ಕಾಶ್ಮೀರದ ರಾಜರಾಗಿದ್ದರು, ಆಗ ಅವರ ಹೆಸರು ಮಹಾದೇವ ಭೂಪಾಲ, ರಾಣಿಯ ಹೆಸರು ಗಂಗಾದೇವಿ ಅಂತ ಶರಣರ ಕಥೆಗಳಲ್ಲಿ ಹೇಳಿದೆ. ಆಗಿನ ಕಲ್ಯಾಣವೇ ಈಗಿನ ನಮ್ಮ ಬಸವಕಲ್ಯಾಣ. ಬಿಜ್ಜಳ ಅಲ್ಲಿ ರಾಜ, ಬಸವಣ್ಣನವರು ಭಂಡಾರಿ. ಕಲ್ಯಾಣದಲ್ಲಿ ಮೇಲು ಕೀಳು ಇಲ್ಲ, ದುಡಿದು ತಿನ್ನುವವರಿಗೆ ಮರ್ಯಾದೆ ಅದ ಅನ್ನುವ ಸುದ್ದಿ ಕಾಶ್ಮೀರದವರೆಗೂ ಹೋಯಿತು. ರಾಜ ರಾಣಿ ಇಬ್ಬರೂ ಸಿಂಹಾಸನ ಬಿಟ್ಟು ಹೊರಟು ಬಂದರು. ಈಗ ರಸ್ತೆ ಹಿಡಿದು ಬಂದರೂ 2000 ಕಿ.ಮೀ.ಗಿಂತ ಹೆಚ್ಚು ಆಗುತ್ತದೆ. ಆಗ ಬಸ್ಸೂ ಇಲ್ಲ, ರೈಲೂ ಇಲ್ಲ.

ಅಲ್ಲಿಯ ಮಾತು ಬೇರೆ, ಇಲ್ಲಿಯ ಮಾತು ಬೇರೆ. ಅವರು ಮೊದಲು ಕಲಿತ ಮಾತು ಶರಣು ಅಂತಲೇ ಇರಬೇಕು ಅಂತ ನನಗೆ ಅನಿಸುತ್ತದೆ. ಯಾಕಂದರೆ ಕಲ್ಯಾಣದಲ್ಲಿ ಎಲ್ಲರಿಗೂ ಅದೇ ನಮಸ್ಕಾರ. ಅದು ಎಷ್ಟು ದೊಡ್ಡ ಮಾತು ಅನ್ನುವುದಕ್ಕೆ ಹರಳಯ್ಯನವರ ಕಥೆ ಕೇಳಿರಿ. ಚಪ್ಪಲಿ ಹೊಲಿಯುವ ಹರಳಯ್ಯನವರು ಬಸವಣ್ಣನವರಿಗೆ ಒಂದು ಸಲ ಶರಣು ಅಂದರು. ಬಸವಣ್ಣನವರು ತಿರುಗಿ ಶರಣು ಶರಣಾರ್ಥಿ ಅಂದರು. ಒಂದಕ್ಕೆ ಎರಡು ಬಂತು, ಈ ಭಾರ ಹೇಗೆ ತೀರಿಸಲಿ ಅಂತ ಹರಳಯ್ಯನವರು ಮತ್ತು ಅವರ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿಕೊಟ್ಟರಂತೆ. ಬಸವಣ್ಣನವರು ಅವನ್ನು ಕಾಲಿಗೆ ಹಾಕದೆ ತಲೆ ಮೇಲೆ ಇಟ್ಟುಕೊಂಡರು.

ಕಲ್ಯಾಣದಲ್ಲಿ ಹೆಸರು ಹೇಳುವ ರೀತಿಯೂ ಬೇರೆ ಇತ್ತು. ಮೊದಲು ಕಾಯಕ, ಆಮೇಲೆ ಹೆಸರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ನಮ್ಮ ರಾಜರು ದಿನಾಲೂ ಅಡವಿಗೆ ಹೋಗಿ ಕಟ್ಟಿಗೆ ಕಡಿದು, ಹೊರೆ ಹೊತ್ತು ತಂದು ಮಾರುತ್ತಿದ್ದರು. ಮೋಳಿಗೆ ಅಂದರೆ ಕಟ್ಟಿಗೆ ಹೊರೆ. ಹಾಗಾಗಿ ಅವರು ಮೋಳಿಗೆಯ ಮಾರಯ್ಯ ಆದರು. ರಾಣಿ ಮಹಾದೇವಿ ಆದರು. ಯಾರಾದರೂ ನೀವು ಯಾರು ಅಂತ ಕೇಳಿದರೆ ರಾಜ ಅಂತ ಹೇಳುವ ಹಾಗಿಲ್ಲ, ಕಟ್ಟಿಗೆಯವ ಅಂತಲೇ ಹೇಳಬೇಕು. ಅದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು ನೋಡ್ರಿ.

ಒಂದು ದಿನ ಬಸವಣ್ಣನವರು ಜಂಗಮರ ವೇಷದಲ್ಲಿ ಅವರ ಮನೆಗೆ ಬಂದರು. ಮಾರಯ್ಯನವರು ಅಡವಿಗೆ ಹೋಗಿದ್ದರು. ಮಹಾದೇವಿಯವರು ಅಂಬಲಿ ಕೊಟ್ಟರು. ಇವರ ಬಡತನ ನೋಡಿ ಬಸವಣ್ಣನವರು ಯಾರಿಗೂ ಕಾಣದಂತೆ ಹೊನ್ನಿನ ಗಂಟು ಇಟ್ಟು ಹೋದರು. ಮಾರಯ್ಯನವರು ಬಂದು ನೋಡಿ, ಇದು ನಮ್ಮ ದುಡಿಮೆ ಅಲ್ಲ ಅಂತ ಎಲ್ಲವನ್ನೂ ಜಂಗಮರಿಗೆ ಹಂಚಿಬಿಟ್ಟರು.

ಬೇರೆ ನಾಡಿನಿಂದ ಬಂದ ಮಾರಯ್ಯನವರು ಕನ್ನಡದಲ್ಲಿ ವಚನ ಬರೆದರು. ಅವರ 800ಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ಅವರ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಮಹಾದೇವಿಯವರೂ ವಚನ ಬರೆದಿದ್ದಾರೆ. ಕೊನೆಗಾಲದಲ್ಲಿ ಮಾರಯ್ಯನವರಿಗೆ ಕೈಲಾಸಕ್ಕೆ ಹೋಗುವ ಆಸೆ ಬಂದಾಗ, ಕೈಲಾಸ ಬೇರೆ ಎಲ್ಲೋ ಇಲ್ಲ ಅಂತ ತಿಳಿಸಿ ಹೇಳಿದವರು ಅವರೇ. ನಮ್ಮ ಹುಮನಾಬಾದ ತಾಲೂಕಿನ ಮೋಳಕೇರಾದಲ್ಲಿ ಮಾರಯ್ಯನವರ ಗವಿ ಅದ.

ಗೆಳೆಯರೇ, ಇನ್ನೊಂದು ಮಾತು ಬರೆಯಬೇಕು. ನಮ್ಮ ವರ್ಗಕ್ಕೆ ಈ ವರ್ಷ ಬೇರೆ ರಾಜ್ಯದ ಒಬ್ಬ ಹುಡುಗ ಬಂದಾನ. ಅವನ ತಂದೆ ತಾಯಿ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುತ್ತಾರೆ. ಮೊದಲ ದಿನ ಅವ ಎದ್ದು ನಿಂತು ತನ್ನ ಹೆಸರು, ಊರು ಕನ್ನಡದಲ್ಲಿ ಹೇಳಲು ಹೋಗಿ ತಪ್ಪು ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತಿನಿಂದ ಅವ ಮಾತಾಡುವುದೇ ಬಿಟ್ಟ. ಮಾರಯ್ಯನವರು ಮೊದಲ ಸಲ ಶರಣು ಅಂದಾಗ ಕಲ್ಯಾಣದ ಜನ ಹೀಗೆ ನಕ್ಕಿದ್ದರೆ ಅಷ್ಟು ವಚನಗಳು ನಮಗೆ ಸಿಗುತ್ತಿದ್ದವೇ?

ಇದನ್ನು ಬರೆದ ಮರುದಿನ ನಾನು ಅವನ ಹತ್ತಿರ ಹೋಗಿ ಶರಣು ಅಂದು ನನ್ನ ಹೆಸರು ಹೇಳಿದೆ. ಅವ ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತ. ಆಮೇಲೆ ಸಣ್ಣ ದನಿಯಲ್ಲಿ ತನ್ನ ಹೆಸರು ಹೇಳಿದ. ನಿಮ್ಮ ಮಾತಿನಲ್ಲಿ ನಮಸ್ಕಾರಕ್ಕೆ ಏನು ಅಂತಾರ ಅಂತ ಕೇಳಿದೆ. ಅವ ಹೇಳಿದ್ದನ್ನು ನಾನು ತಪ್ಪಾಗಿ ಅಂದೆ. ಈಗ ಅವ ನಕ್ಕ.

7ನೇ ತರಗತಿ