ಬೈಕ್ ಇಷ್ಟಪಡದವರು ಮಾಡಿದ ಸ್ಕೂಟರ್

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ, ಇಲ್ಲಾ ಕೆ.ಆರ್.ಪೇಟೆ, ನಾಗಮಂಗಲ ಕಡೆ ಹಳ್ಳಿಗಳಿಗೆ ಬಸ್ ಮಿಸ್ ಆದ್ರೆ ನಾವು ಹತ್ತೋದು ಆಪೆ ಆಟೋ. ತಿರುವಲ್ಲಿ ಗಾಡಿ ಒಳಗಡೆಗೆ ವಾಲಲ್ಲ, ನಾವೇ ಪಕ್ಕದವರ ಮೇಲೆ ವಾಲ್ತೀವಿ. ಇಟಾಲಿಯನ್‌ನಲ್ಲಿ ಆಪೆ ಅಂದ್ರೆ ಜೇನುನೊಣ, ವೆಸ್ಪಾ ಅಂದ್ರೆ ಕಣಜ. ಎರಡರ ಹಿಂದೆಯೂ ಇದ್ದ ಎಂಜಿನಿಯರ್ ಕೊರಾದಿನೊ ದಸ್ಕಾನಿಯೊ.

ಇವರು ಹುಟ್ಟಿದ್ದು 1891ರಲ್ಲಿ, ಇಟಲಿಯ ಪೋಪೊಲಿ ಊರಲ್ಲಿ. 1914ರಲ್ಲಿ ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಅವರ ಹುಚ್ಚೆಲ್ಲ ಹೆಲಿಕಾಪ್ಟರ್ ಮೇಲೆ. 1930ರಲ್ಲಿ ಅವರ ಯಂತ್ರ 18 ಮೀಟರ್ ಎತ್ತರಕ್ಕೆ ಏರಿತು, ಇನ್ನೊಂದು ಸಲ 8 ನಿಮಿಷ 45 ಸೆಕೆಂಡ್ ಗಾಳಿಯಲ್ಲೇ ನಿಂತಿತು. ನಮ್ಮ ಡ್ರೋನ್ ಹುಡುಗರು ನಗಬಹುದು, ಆಗ ಅದು ವಿಶ್ವದಾಖಲೆ. ಆದ್ರೆ ಆರ್ಡರ್ ಬರಲಿಲ್ಲ. ಹೊಟ್ಟೆಪಾಡಿಗೆ ಪಿಯಾಜಿಯೊ ಕಂಪನಿ ಸೇರಿ ವಿಮಾನದ ಪ್ರೊಪೆಲರ್ ಮಾಡಿದರು.

ಯುದ್ಧದಲ್ಲಿ ಫ್ಯಾಕ್ಟರಿ ಬಾಂಬಿಗೆ ಹಾಳಾಯ್ತು. ಮಾಲೀಕ ಎನ್ರಿಕೊ ಪಿಯಾಜಿಯೊಗೆ ಅಗ್ಗದ ಗಾಡಿ ಬೇಕಿತ್ತು. ದಸ್ಕಾನಿಯೊಗೆ ಬೈಕ್ ಅಂದ್ರೇ ಆಗದು: ಚೈನಿನ ಎಣ್ಣೆ ಪ್ಯಾಂಟಿಗೆ, ಟೈರ್ ಬಿಚ್ಚೋದು ಕಷ್ಟ, ಕಾಲೆತ್ತಿ ಹತ್ತಬೇಕು. ಒಂದೊಂದೇ ತಕರಾರು ತೆಗೆದುಹಾಕಿದರು. ಎಂಜಿನ್ ಹಿಂದಿನ ಚಕ್ರದ ಪಕ್ಕ, ಚೈನೇ ಇಲ್ಲ. ಗೇರ್ ಹ್ಯಾಂಡಲ್‌ನಲ್ಲಿ. ಮುಂಚಕ್ರಕ್ಕೆ ವಿಮಾನದ ಗಾಲಿಯ ತರ ಒಂದೇ ಕಡೆ ಆಧಾರ. 1946ರ ಏಪ್ರಿಲ್‌ನಲ್ಲಿ ಪೇಟೆಂಟ್ ಅರ್ಜಿ. 98 ಸಿಸಿ ಅಷ್ಟೆ. 1948ರಲ್ಲಿ ಅದೇ ವೆಸ್ಪಾಕ್ಕೆ ಹಿಂದೆ ಎರಡು ಚಕ್ರ ಜೋಡಿಸಿ ಆಪೆ ಬಂತು.

ಅವರು ತೀರಿಕೊಂಡ ಮೇಲೆ, 2006ರಲ್ಲಿ, ಅದೇ ಕಂಪನಿ ಎಂಪಿ3 ಮಾಡಿತು. ಮುಂದೆ ಎರಡು ಚಕ್ರ, ತಿರುವಲ್ಲಿ ಎರಡೂ ಬೈಕಿನ ಹಾಗೇ ವಾಲ್ತವೆ. ಇದರ ಬಗ್ಗೆ ನಮ್ಮ ಹಾಸ್ಟೆಲ್‌ನಲ್ಲಿ ಜಗಳ ಮುಗಿದಿಲ್ಲ. ಬುಲೆಟ್ ಓಡಿಸೋರಿಗೆ ಅದು ಬೈಕೇ ಅಲ್ಲ. ಸ್ಕೂಟರ್ ಪಾರ್ಟಿಗೆ ಅದರ 200 ಕೆಜಿ ಆಸುಪಾಸಿನ ತೂಕವೇ ತಲೆನೋವು, ಸಂದಿಯಲ್ಲಿ ನುಗ್ಗಕ್ಕಾಗಲ್ಲ. ಆದ್ರೆ ಸುಗ್ಗೀಲಿ ನಮ್ಮೂರ ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹರಡಿರ್ತಾರಲ್ಲ, ಅಲ್ಲಿ ಮುಂಚಕ್ರ ಜಾರಿ ಬಿದ್ದವರು ಮಾತ್ರ ಮೂರು ಚಕ್ರದ ಪರ. ನಾವೂ ಬಿದ್ದಿದ್ದೀವಿ, ಹಾಗಾಗಿ ನಮ್ಮ ಓಟು ಅದಕ್ಕೇ.

ದಸ್ಕಾನಿಯೊ ಮಾತ್ರ ಈ ಗಾಡಿಗಳಲ್ಲೇ ನಿಲ್ಲಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅಗುಸ್ಟಾ ಕಂಪನಿ ಸೇರಿ ಮತ್ತೆ ಹೆಲಿಕಾಪ್ಟರ್ ಡ್ರಾಯಿಂಗ್‌ಗೆ ಕೂತರು. 1981ರಲ್ಲಿ ಪಿಸಾದಲ್ಲಿ ತೀರಿಕೊಂಡರು. ಆ ಹೆಲಿಕಾಪ್ಟರ್ ಮಾರುಕಟ್ಟೆಗೆ ಬರಲೇ ಇಲ್ಲ.