ಹಾಫ್‌ಕಿನ್ ಮಹಾಶಯರೂ ಒಂದು ಸೀಸೆಯ ವಿಚಾರಣೆಯೂ

ಪ್ಲೇಗಿನ ಹೆಸರು ಕೇಳಿದೊಡನೆ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವನ್ನು ನಮ್ಮ ನಾಡಿನ ಮನೆತನಗಳು ಇನ್ನೂ ಪೂರ್ತಿಯಾಗಿ ಮರೆತಿಲ್ಲ. ಆ ಮಾರಿಗೆ ಇದಿರಾಗಿ ಮುಂಬಯಿಯಲ್ಲಿ ಚುಚ್ಚುಮದ್ದನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ ಮಹಾಶಯರ ಹೆಸರನ್ನು ಬಹುಮಂದಿ ಕೇಳಿರುವರು. ಅವರಿಗೊದಗಿದ ಅನ್ಯಾಯವನ್ನು ಬಲ್ಲವರು ವಿರಳ. ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಹಾಫ್‌ಕಿನ್ನರು 1860ರ ಮಾರ್ಚಿಯಲ್ಲಿ ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕೋವ್ ಪಂಡಿತರ ಬಳಿ ಪ್ರಾಣಿಶಾಸ್ತ್ರವನ್ನು ಕಲಿತರು. ಝಾರ್ ಚಕ್ರವರ್ತಿಯ ರಾಜ್ಯದಲ್ಲಿ ಯಹೂದಿಗೆ ಉನ್ನತ ಸ್ಥಾನ ದೊರೆಯುವಂತಿರಲಿಲ್ಲ. ದೇಶವನ್ನು ಬಿಟ್ಟು, 1889ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿ, ಪುಸ್ತಕಭಂಡಾರದ ಸಣ್ಣ ಕೆಲಸದಲ್ಲಿದ್ದುಕೊಂಡೇ ಸಂಶೋಧನೆ ನಡೆಸಿದರು. 1892ರ ಜುಲೈಯಲ್ಲಿ ಕಾಲರಾ ಚುಚ್ಚುಮದ್ದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. 1893ರಲ್ಲಿ ಕಲಕತ್ತೆಗೆ ಬಂದು, ಉತ್ತರ ಹಿಂದೂಸ್ಥಾನದ ಊರೂರು ತಿರುಗಿ, ಇಷ್ಟಪಟ್ಟು ಬಂದವರಿಗೆ ಮಾತ್ರ ಅದನ್ನು ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಸರ್ಕಾರದವರು ಹಾಫ್‌ಕಿನ್ನರನ್ನು ಕರೆಸಿ, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆಯನ್ನೂ ಅದರ ಪಡಸಾಲೆಯನ್ನೂ ಕೊಟ್ಟರು. ಚುಚ್ಚುಮದ್ದಿಗೆ ರೋಗಾಣುಗಳ ದೊಡ್ಡ ಬೆಳೆ ಬೇಕು. ಬೆಳೆಗೆ ತಕ್ಕ ಆಹಾರ ಬೇಕು. ಯೂರೋಪಿನ ಪ್ರಯೋಗಶಾಲೆಗಳಲ್ಲಿ ಗೋಮಾಂಸದ ಸಾರು ರೂಢಿಯಲ್ಲಿತ್ತು. ಅಂತಹ ವಸ್ತುವು ಹಿಂದೂಗಳಿಗೂ, ಹಂದಿಯದು ಮುಸಲ್ಮಾನರಿಗೂ ಸಲ್ಲದೆಂಬುದನ್ನರಿತು ಹಾಫ್‌ಕಿನ್ನರು ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸಾರು ಮಾಡಿದರು. ಅದರ ಮೇಲೆ ತುಪ್ಪದ ತೊಟ್ಟುಗಳನ್ನು ತೇಲಬಿಟ್ಟರು. ಅಲುಗಿಸದೆ ಇಟ್ಟ ಸೀಸೆಯಲ್ಲಿ ಪ್ಲೇಗಿನ ಅಣುಗಳು ಆ ತೊಟ್ಟುಗಳನ್ನು ಹಿಡಿದು, ಆಲದ ಮರದ ಬಿಳಲುಗಳಂತೆ ಕೆಳಕ್ಕೆ ಇಳಿದು ಬೆಳೆದವು. ಈ ಬಿಳಲುಗಳು ಬೆಳೆಯ ಸಮೃದ್ಧಿಗೆ ಕಾರಣವಾದುದಲ್ಲದೆ, ಸೀಸೆಯಲ್ಲಿರುವುದು ಪ್ಲೇಗಿನ ಅಣುವೇ ಎಂಬುದನ್ನು ಗುರುತಿಸುವ ಲಕ್ಷಣವೂ ಆದವು. ಬೆಳೆದ ಅಣುಗಳನ್ನು ಶಾಖದಿಂದ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸಿದರೆ ಮದ್ದು ಸಿದ್ಧ. 1897ರ ಜನವರಿ 10ರಂದು ಅದನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. ಬಳಿಕ ಬೈಕಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಹಾಕಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಹಸ್ರಾರು ಜನರು ಇದನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಮರಣವು ಬಹಳ ಕಡಿಮೆಯಾಗಿತ್ತು. ಸೋಲ್ಜರರು ಮನೆಗಳನ್ನು ಶೋಧಿಸಿದ್ದರಿಂದ ಜನರು ರೋಸಿಹೋಗಿದ್ದ ಆ ದಿನಗಳಲ್ಲಿ, ಜನರ ಒಪ್ಪಿಗೆಯನ್ನು ಪಡೆದು ನಡೆದ ಈ ಕಾರ್ಯದ ಬೆಲೆಯನ್ನು ವಾಚಕರು ಊಹಿಸಬಹುದು.

ಮದ್ದಿಗೆ ಬೇಡಿಕೆ ಹೆಚ್ಚಿತು. ಸಾರಿನ ಬೆಳೆಗೆ ಹಲವು ವಾರಗಳು ಹಿಡಿಯುತ್ತಿದ್ದುದರಿಂದ, 1902ರಲ್ಲಿ ಪಂಜಾಬಿಗೆ ಬೇಕಾದ ಅಪಾರ ಮದ್ದಿಗಾಗಿ, ಕಡಲ ಪಾಚಿಯಿಂದ ತೆಗೆದ ಅಗರ್ ಎಂಬ ಗಟ್ಟಿ ಪದಾರ್ಥದ ಮೇಲೆ ಅಣುಗಳನ್ನು ಬೆಳೆಸುವ ಶೀಘ್ರ ಕ್ರಮವನ್ನು ಕೈಕೊಂಡರು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಶಾಖವನ್ನೇ ನಂಬಿದರು. ಆ ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಐದು ಸೀಸೆಗಳಿಂದ 107 ಜನರಿಗೆ ಚುಚ್ಚಲಾಯಿತು. ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ಮೃತರಾದರು; ಉಳಿದ 88 ಮಂದಿಗೆ ಏನೂ ಆಗಲಿಲ್ಲ.

ಸರ್ಕಾರವು ನೇಮಿಸಿದ ವಿಚಾರಣಾ ಮಂಡಲಿಯು ವಿಷವು ಪ್ರಯೋಗಶಾಲೆಯಲ್ಲಿಯೇ ಸೇರಿತೆಂದು ತೀರ್ಮಾನಿಸಿತು. ಹಾಫ್‌ಕಿನ್ನರನ್ನು ಅಧಿಕಾರದಿಂದ ದೂರ ಮಾಡಲಾಯಿತು. ಅವರು ವೈದ್ಯಪದವೀಧರರಲ್ಲದ ಪರದೇಶೀಯರು. ಅವರ ಪರವಾಗಿ ನಿಲ್ಲುವವರು ಅಧಿಕಾರವರ್ಗದಲ್ಲಿ ಕಡಿಮೆ. ವಿಚಾರಣೆಯ ಕಾಗದಪತ್ರಗಳು ವರ್ಷಗಟ್ಟಲೆ ಹೊರಬರಲಿಲ್ಲ. ಬಂದಾಗ ನಿಜವು ಅವುಗಳಲ್ಲಿಯೇ ಅಡಗಿತ್ತು. ಹಳ್ಳಿಯಲ್ಲಿ ಬಿರಡೆಯನ್ನು ತೆಗೆಯುವ ಚಿಮಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ದ್ರಾವಣದಲ್ಲಿ ಅದ್ದಿದ್ದಷ್ಟೆ. ಧನುರ್ವಾಯುವಿನ ಅಣುವು ಮಣ್ಣಿನಲ್ಲಿರುವಂತಹದು. ಅದು ಸೀಸೆಯಲ್ಲಿ ದಿನಗಟ್ಟಲೆ ಬೆಳೆದಿದ್ದರೆ ದುರ್ವಾಸನೆ ಹೊಡೆಯಬೇಕಾಗಿತ್ತು. ಸೀಸೆಯನ್ನು ಉಪಯೋಗಿಸಿದ ವೈದ್ಯರಿಗೆ ಅಂತಹ ವಾಸನೆ ಕಂಡಿರಲಿಲ್ಲ. 1907ರ ಜುಲೈಯಲ್ಲಿ ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿಜ್ಞಾನಿಗಳು ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಆರೋಪವು ನಿರಾಧಾರವೆಂದು ಸಾರಿದರು. ಅದೇ ವರ್ಷ ಸರ್ಕಾರವು ಅವರನ್ನು ಪುನಃ ಕೆಲಸಕ್ಕೆ ಕರೆಯಿತು; ಆದರೆ ಅವರೇ ಕಟ್ಟಿದ್ದ ಮುಂಬಯಿ ಪ್ರಯೋಗಶಾಲೆಯು ಅವರಿಗೆ ಮರಳಲಿಲ್ಲ. ಕಲಕತ್ತೆಯಲ್ಲಿ ಕೆಲವು ವರ್ಷ ದುಡಿದು ನಿವೃತ್ತರಾಗಿ ಯೂರೋಪಿಗೆ ತೆರಳಿದರು. 1925ರಲ್ಲಿ ಪರೇಲಿನ ಆ ಪ್ರಯೋಗಶಾಲೆಗೆ ಅವರ ಹೆಸರನ್ನಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ಕಾಲವಾದರು.

ಮಲ್ಕೋವಾಲಿನ ಹತ್ತೊಂಬತ್ತು ಮನೆಗಳ ದುಃಖವು ಸಣ್ಣದೆಂದು ನಾವು ಹೇಳುವುದಿಲ್ಲ. ಆ ಮನೆಗಳಿಗೂ ಸತ್ಯವು ತಿಳಿಯಬೇಕಾಗಿತ್ತು. ತಪ್ಪು ಎಲ್ಲಿ ನಡೆಯಿತೆಂದು ತಿಳಿದರೆ ಮಾತ್ರವೇ ಮುಂದಿನ ಹಳ್ಳಿಯವರು ಉಳಿಯುವರು. ವಿಚಾರಣೆ ನಡೆಸಿದವರ ಕಾಗದಗಳನ್ನು ಕೂಡಲೇ ಬಹಿರಂಗಪಡಿಸಿದ್ದರೆ ಒಬ್ಬ ಉಪಕಾರಿಯ ಬಾಳಿನ ಐದು ವರ್ಷಗಳು ವ್ಯರ್ಥವಾಗುತ್ತಿರಲಿಲ್ಲ. ಇಂದಿಗೂ ಸಾರ್ವಜನಿಕ ವಿಚಾರಣೆಗಳ ಭಾರವನ್ನು ಹೊರುವ ಅಧಿಕಾರಿಗಳು ಈ ಒಂದು ಸೀಸೆಯ ಕಥೆಯನ್ನು ಮನಸ್ಸಿನಲ್ಲಿಡುವುದು ಮೇಲು.