ಕಾಲದ ನಿಧಾನಗತಿಯನ್ನು ಕಣದಲ್ಲಿ ಕಂಡ ಹೋಮಿ ಭಾಭಾ

ಬೆಳ್ಳಾರೆ: ಇಲ್ಲಿನ ಅಡಿಕೆ ತೋಟಗಳ ಮೇಲೆ ಸುರಿಯುವ ಮುಂಗಾರು ಮಳೆ ಕಣ್ಣಿಗೆ ಕಾಣುತ್ತದೆ. ವರ್ಷವಿಡೀ ಹಗಲಿರುಳೂ ಸುರಿಯುವ ಇನ್ನೊಂದು ಮಳೆ ಕಾಣುವುದಿಲ್ಲ. ಅದು ಮ್ಯೂಆನ್ ಕಣಗಳ ಮಳೆ. ಬಾನಿನಲ್ಲಿ 10ರಿಂದ 15 ಕಿ.ಮೀ. ಎತ್ತರದಲ್ಲಿ ಹುಟ್ಟುವ ಈ ಕಣದ ಸರಾಸರಿ ಆಯುಷ್ಯ ಸೆಕೆಂಡಿನ 10 ಲಕ್ಷದ ಒಂದು ಭಾಗದ 2.2 ಪಟ್ಟು ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಅದು ಸುಮಾರು 660 ಮೀಟರ್ ಸಾಗುವಷ್ಟರಲ್ಲಿ ಅಳಿಯಬೇಕು. ಆದರೂ ನೆಲ ತಲುಪುತ್ತದೆ. ಇಂತಹ ಒಗಟಿಗೆ ಉತ್ತರವನ್ನು 1938ರಲ್ಲೇ ಸೂಚಿಸಿದವರು ಹೋಮಿ ಜಹಾಂಗೀರ್ ಭಾಭಾ.

1909ರ ಅಕ್ಟೋಬರ್ 30ರಂದು ಮುಂಬೈಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಭಾಭಾ, 1927ರಲ್ಲಿ ಕೇಂಬ್ರಿಜ್ ಸೇರಿದರು. ಮಗ ಎಂಜಿನಿಯರ್ ಆಗಿ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ತಂದೆಯ ಆಸೆಯಾಗಿತ್ತು. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದ ಭಾಭಾ ಬಳಿಕ ಭೌತಶಾಸ್ತ್ರದತ್ತ ಹೊರಳಿದರು.

ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದರು. ಅತಿವೇಗದಲ್ಲಿ ಪಯಣಿಸಿ ಮರಳಿದವನಿಗೆ ಭೂಮಿಯಲ್ಲೇ ಉಳಿದವರಿಗಿಂತ ಕಡಿಮೆ ವಯಸ್ಸಾಗಿರುತ್ತದೆ ಎಂದು ಫ್ರಾನ್ಸ್‌ನ ಪಾಲ್ ಲಾಂಜ್ವಾ 1911ರಲ್ಲಿ ವಿವರಿಸಿದರು. ಇದೇ ಮುಂದೆ ಅವಳಿಗಳ ವಿರೋಧಾಭಾಸವೆಂದು ಹೆಸರಾಯಿತು. ಇಬ್ಬರಿಗೂ ಎದುರಿನವನೇ ಚಲಿಸಿದಂತೆ ಕಂಡರೂ, ದಿಕ್ಕು ಬದಲಿಸಿ ಹಿಂದಿರುಗುವವನು ಒಬ್ಬನೇ. ವಯಸ್ಸಿನ ವ್ಯತ್ಯಾಸದ ಗುಟ್ಟು ಅಲ್ಲಿದೆ. ಆದರೆ ಅಂತಹ ಪಯಣಿಗನನ್ನು ಎಲ್ಲಿಂದ ತರುವುದು? ತಾನಾಗಿ ಅಳಿಯುವ ಕಣವೇ ಒಂದು ಗಡಿಯಾರ, ವೇಗವಾಗಿ ಓಡುವಾಗ ಅದರ ಆಯುಷ್ಯ ಹಿಗ್ಗಬೇಕು ಎಂದು ಭಾಭಾ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಅಮೆರಿಕದ ಕೊಲೊರಾಡೊದಲ್ಲಿ ಬ್ರೂನೊ ರೊಸ್ಸಿ ಮತ್ತು ಡೇವಿಡ್ ಹಾಲ್ ನಡೆಸಿ 1941ರಲ್ಲಿ ಪ್ರಕಟಿಸಿದ ಪ್ರಯೋಗ ಆ ಮಾತನ್ನು ದೃಢಪಡಿಸಿತು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಭಾಭಾರನ್ನು ಮಹಾಯುದ್ಧ ಇಲ್ಲಿಯೇ ಉಳಿಸಿತು. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ವಿಶ್ವಕಿರಣಗಳ ಸಂಶೋಧನಾ ಘಟಕವನ್ನು ಕಟ್ಟಿದರು. 1941ರಲ್ಲಿ, 31ರ ಹರೆಯದಲ್ಲಿ, ರಾಯಲ್ ಸೊಸೈಟಿಯ ಫೆಲೋ ಆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬೈಗೆ ಸ್ಥಳಾಂತರವಾಯಿತು. ಭಾಭಾರ ಪ್ರೇರಣೆಯಿಂದ ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳ ಆಳಕ್ಕಿಳಿದು ಈ ಕಣಗಳನ್ನು ಅಳೆದರು.

1966ರ ಜನವರಿ 24ರಂದು ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಬಳಿ ಏರ್ ಇಂಡಿಯಾ ವಿಮಾನ ಅಪಘಾತಕ್ಕೀಡಾಗಿ ಭಾಭಾ ಅಸುನೀಗಿದರು. ಆಗ ಅವರ ವಯಸ್ಸು 56. ಅದೇ ಪರ್ವತಸೀಮೆಗೆ ಸಮೀಪದ ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ ಮ್ಯೂಆನ್‌ಗಳನ್ನು ಉಂಗುರಾಕಾರದ ಪಥದಲ್ಲಿ ಸುತ್ತಿಸಲಾಯಿತು. ಅವು ಹೊರಟ ಜಾಗಕ್ಕೇ ಮತ್ತೆ ಮತ್ತೆ ಮರಳುತ್ತ, ನಿಂತ ಕಣಗಳಿಗಿಂತ ಸುಮಾರು 29 ಪಟ್ಟು ಹೆಚ್ಚು ಕಾಲ ಬಾಳಿದವೆಂದು 1977ರಲ್ಲಿ ಪ್ರಕಟವಾಯಿತು. ಪಯಣಿಸಿ ಮರಳಿದ ಅವಳಿಯ ಕಥೆ ಹೀಗೆ ಕಣದಲ್ಲಿ ನಿಜವಾಯಿತು. ಅದನ್ನು ಕಾಣಲು ಭಾಭಾ ಇರಲಿಲ್ಲ.